ಚಂಡಮಾರುತ ಹೋದ ಮೇಲೆ ಬರುವ ಕಣ್ಣಿನ ಬಸ್: ಒಳಗೆ ಏನಿರುತ್ತದೆ, ಯಾರಿಗೆ ಬೇಕು, ಎಷ್ಟು ಸಲ ಬರಬೇಕು?

ಚಂಡಮಾರುತದ ಸುದ್ದಿಗೆ ಒಂದು ಸಿದ್ಧ ಕ್ರಮವಿದೆ. ಮೊದಲು ಗಾಳಿಯ ವೇಗ, ಆಮೇಲೆ ಅದು ತೀರಕ್ಕೆ ಅಪ್ಪಳಿಸಿದ ಜಾಗ, ನಂತರ ಸಾವಿನ ಸಂಖ್ಯೆ, ಕುಸಿದ ಮನೆಗಳು, ಹೋದ ಕರೆಂಟು, ಕೊನೆಗೆ ನಷ್ಟದ ಅಂದಾಜು. ಡೆಸ್ಕ್‌ನಲ್ಲಿ ಕೂತು ಇಂಥ ಸುದ್ದಿ ಬರೆಯುವ ನಾವೂ ಇದೇ ಕ್ರಮದಲ್ಲಿ ಬರೆಯುತ್ತೇವೆ. ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸದ ಒಂದು ನಷ್ಟವಿದೆ. ಅದು ಕನ್ನಡಕ.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಮೆರಿಕದ ಲೂಸಿಯಾನಾ ತೀರಕ್ಕೆ ಬಡಿಯಿತು. ತಡೆಗೋಡೆಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇ 80 ಭಾಗ ಮುಳುಗಿತು. ಚಾವಣಿ ಹತ್ತಿ ಕೂತವರು, ದೋಣಿಗಳಲ್ಲಿ ಪಾರಾದವರು, ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ದಿನಗಟ್ಟಲೆ ಕಳೆದವರು, ಅಲ್ಲಿಂದ ಬಸ್ಸಿನಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ಗೆ ಹೋದವರು, ಇವರಲ್ಲಿ ಅನೇಕರು ಉಟ್ಟ ಬಟ್ಟೆಯಲ್ಲೇ ಹೊರಟಿದ್ದರು. ತಲೆದಿಂಬಿನ ಪಕ್ಕದಲ್ಲಿದ್ದ ಕನ್ನಡಕ, ಫ್ರಿಜ್ಜಿನ ಬಾಗಿಲಲ್ಲಿದ್ದ ಕಣ್ಣಿನ ಡ್ರಾಪ್ಸ್, ಬಾತ್‌ರೂಮಿನ ಕಾಂಟ್ಯಾಕ್ಟ್ ಲೆನ್ಸ್ ಡಬ್ಬಿ, ಎಲ್ಲವೂ ಹಿಂದೆ ಉಳಿದವು.

ಇಂಥವರಿರುವ ಜಾಗಕ್ಕೇ ಪರೀಕ್ಷಾ ಕುರ್ಚಿ, ಯಂತ್ರ, ಲೆನ್ಸ್ ಕತ್ತರಿಸುವ ಸಲಕರಣೆ ಸಮೇತ ಹೋಗುವ ವಾಹನವೇ ಸಂಚಾರಿ ಕಣ್ಣಿನ ಕ್ಲಿನಿಕ್. ಕತ್ರಿನಾ ನಂತರ ಅಮೆರಿಕದಲ್ಲಿ ಇದು ವಿಪತ್ತು ಪರಿಹಾರದ ಪರಿಚಿತ ಭಾಗವಾಗಿದೆ. ಕಣ್ಣಿನ ವಿಮೆ ಕ್ಷೇತ್ರದ ವಿಎಸ್‌ಪಿ ಸಂಸ್ಥೆ, ಲಯನ್ಸ್ ಕ್ಲಬ್‌ಗಳು, ವೈದ್ಯಕೀಯ ವಿಶ್ವವಿದ್ಯಾಲಯಗಳು ಇಂಥ ವಾಹನಗಳನ್ನು ನಡೆಸುತ್ತವೆ. ಬಸ್ ಬಂದು ಒಂದಷ್ಟು ಕನ್ನಡಕ ಹಂಚಿ ಹೋದರೆ ಕೆಲಸ ಮುಗಿಯಿತು ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಮುಗಿಯುವುದಿಲ್ಲ. ಕಾರಣ ಅರ್ಥವಾಗಬೇಕಾದರೆ ಮೊದಲು ಕನ್ನಡಕ ಹೋದವರ ಪಾಡೇನು ಎಂದು ನೋಡಬೇಕು.

ಕನ್ನಡಕ ಹೋದರೆ ಅಷ್ಟೇನು ದೊಡ್ಡ ವಿಷಯ?

ಪವರ್ ಲೆಕ್ಕ ಸರಳ. ಮೈನಸ್ 2 ಪವರ್ ಇರುವವರಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಮುಖದಿಂದ ಅರ್ಧ ಮೀಟರ್‌ವರೆಗೆ ಮಾತ್ರ. ಮೈನಸ್ 5 ಇದ್ದರೆ 20 ಸೆಂಟಿಮೀಟರ್, ಅಂದರೆ ಒಂದು ಗೇಣು. ಅದರಾಚೆಗಿನದೆಲ್ಲ ಮಸುಕು. ಪರಿಹಾರ ಶಿಬಿರದ ಗೋಡೆಗೆ ಅಂಟಿಸಿದ ನೋಟಿಸು, ಊಟದ ಕೌಂಟರಿನ ಫಲಕ, ಗುಂಪಿನಲ್ಲಿ ಕಳೆದುಹೋದ ಮಗುವಿನ ಮುಖ ಯಾವುದೂ ಕಾಣುವುದಿಲ್ಲ.

ದೂರದೃಷ್ಟಿ ಚೆನ್ನಾಗಿದ್ದು ನಲವತ್ತು ದಾಟಿದವರದ್ದು ಇನ್ನೊಂದು ಕಷ್ಟ. ನಮ್ಮ ಹಿರಿಯರು 'ಚಾಳೀಸು' ಅನ್ನುತ್ತಾರಲ್ಲ, ಓದುವ ಕನ್ನಡಕ, ಅದು ಇಲ್ಲದಿದ್ದರೆ ಮಾತ್ರೆಯ ಪಟ್ಟಿಯ ಮೇಲಿನ ಹೆಸರನ್ನೂ ಓದಲಾಗದು. ಇನ್ಸುಲಿನ್ ತೆಗೆದುಕೊಳ್ಳುವವರು ಸಿರಿಂಜಿನ ಗೆರೆ ನೋಡಬೇಕು. ಅದು ಅಂದಾಜಿನ ಮೇಲೆ ಮಾಡುವ ಕೆಲಸವಲ್ಲ.

ಚಂಡಮಾರುತದ ನಂತರದ ಬದುಕು ಹೆಚ್ಚಾಗಿ ಕಾಗದಪತ್ರದ ಬದುಕು. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದಿಂದ ವೈಯಕ್ತಿಕ ನೆರವು ಬೇಕಾದವರು ಸಾಮಾನ್ಯವಾಗಿ ವಿಪತ್ತು ಘೋಷಣೆಯಾದ 60 ದಿನಗಳೊಳಗೆ ಅರ್ಜಿ ಹಾಕಬೇಕು. ಹಲವು ಸಲ ಗಡುವು ವಿಸ್ತರಣೆಯಾಗುತ್ತದೆ, ಆದರೆ ಅದನ್ನು ನಂಬಿ ಕೂರಲಾಗದು. ಇದರ ಜೊತೆಗೆ ವಿಮಾ ಕಂಪನಿಯ ಅರ್ಜಿ, ಮನೆ ಸಾಲದ ಬ್ಯಾಂಕಿಗೆ ಪತ್ರ, ರಿಪೇರಿ ಗುತ್ತಿಗೆದಾರನ ಒಪ್ಪಂದ. ಎಲ್ಲದರಲ್ಲೂ ಸಣ್ಣ ಅಕ್ಷರ. ಓದದೆ ಸಹಿ ಹಾಕಿ ಮೋಸಹೋಗುವ ಅಪಾಯ ವಿಪತ್ತಿನ ನಂತರದ ವಾರಗಳಲ್ಲೇ ಹೆಚ್ಚು, ಏಕೆಂದರೆ ರಿಪೇರಿ ಹೆಸರಿನ ವಂಚಕರೂ ಆಗಲೇ ಊರಿಗೆ ಬರುತ್ತಾರೆ.

ಇನ್ನು ಕಾರು. ಮುಂಬೈಯಲ್ಲಿ ಲೋಕಲ್ ರೈಲು, ಚೆನ್ನೈಯಲ್ಲಿ ಸಿಟಿ ಬಸ್ ಹಿಡಿದು ಬದುಕುವ ನಮಗೆ ಇದು ಸುಲಭವಾಗಿ ಹೊಳೆಯುವುದಿಲ್ಲ. ಅಮೆರಿಕದ ಸಣ್ಣ ಊರುಗಳಲ್ಲಿ ಕಾರು ಓಡಿಸಲಾಗದವರು ದಿನಸಿ ಅಂಗಡಿಗೂ ಹೋಗಲಾರರು. ಕನ್ನಡಕ ಹಾಕಿಕೊಂಡೇ ಓಡಿಸಬೇಕೆಂದು ಲೈಸೆನ್ಸ್‌ನಲ್ಲೇ ನಮೂದಾಗಿರುವವರು ಅದಿಲ್ಲದೆ ಓಡಿಸಿದರೆ ಕಾನೂನಿಗೂ ತಪ್ಪು, ಪ್ರಾಣಕ್ಕೂ ಅಪಾಯ. ಕನ್ನಡಕವಿಲ್ಲದೆ ಕಾರಿಲ್ಲ, ಕಾರಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಮನೆ ರಿಪೇರಿಗೆ ದುಡ್ಡಿಲ್ಲ. ಕನ್ನಡಕ ಹೋದದ್ದನ್ನು ಯಾರೂ ಗಾಯ ಎಂದು ಲೆಕ್ಕ ಹಿಡಿಯುವುದಿಲ್ಲ, ಆದರೆ ಚೇತರಿಕೆ ಸಿಕ್ಕಿಬೀಳುವುದು ಇಂಥ ಕಡೆಯೇ.

ಅಂಗಡಿಗೆ ಹೋಗಿ ಕೊಳ್ಳಬಾರದೇ?

ದಾದರ್‌ನಲ್ಲೋ ಚಿಕ್ಕಪೇಟೆಯಲ್ಲೋ ಕನ್ನಡಕದ ಅಂಗಡಿಗೆ ಹೋದರೆ ಅಲ್ಲೇ ಕಂಪ್ಯೂಟರ್ ಪರೀಕ್ಷೆ ಮಾಡಿ, ಟೀ ಕುಡಿದು ಬರುವಷ್ಟರಲ್ಲಿ ಕನ್ನಡಕ ಕೈಗಿಡುವುದುಂಟು. ಅಮೆರಿಕದಲ್ಲಿ ಹಾಗಾಗದು. ಪವರ್ ಕನ್ನಡಕ ಮಾಡಿಸಲು ಲೈಸೆನ್ಸ್ ಇರುವ ಆಪ್ಟೊಮೆಟ್ರಿಸ್ಟ್ ಅಥವಾ ಕಣ್ಣಿನ ವೈದ್ಯರ ಚೀಟಿ ಬೇಕು. ಚೀಟಿಗೂ ಅವಧಿ ಇದೆ. ರಾಜ್ಯವನ್ನು ಅವಲಂಬಿಸಿ ಸಾಮಾನ್ಯವಾಗಿ ಒಂದು ಅಥವಾ ಎರಡು ವರ್ಷ. ಪರೀಕ್ಷೆ ಮುಗಿದ ಕೂಡಲೇ ಚೀಟಿಯ ಪ್ರತಿಯನ್ನು ರೋಗಿಗೆ ಕೊಡಲೇಬೇಕೆಂಬ ನಿಯಮ 1978ರಿಂದ ಇದೆ, ಒಳ್ಳೆಯ ನಿಯಮವೇ. ಆದರೆ ಆ ಪ್ರತಿ ನೆರೆಯಲ್ಲಿ ಹೋದ ಮನೆಯ ಡ್ರಾಯರಿನಲ್ಲಿದ್ದರೆ? ಚೀಟಿ ಬರೆದ ಕ್ಲಿನಿಕ್ಕೂ ಅದೇ ನೆರೆಯಲ್ಲಿ ಮುಳುಗಿದ್ದರೆ?

ಕತ್ರಿನಾ ಸಮಯದಲ್ಲಿ ಆದದ್ದು ಇದೇ. ಕಾಗದದ ಕಡತಗಳು ಕೆಸರಾದವು. ನಿರಾಶ್ರಿತರ ಔಷಧಿ ವಿವರಗಳನ್ನು ಔಷಧಿ ಅಂಗಡಿ ಸರಪಳಿಗಳ ಕಂಪ್ಯೂಟರ್‌ಗಳಿಂದ ಒಟ್ಟುಗೂಡಿಸಿ, ವೈದ್ಯರು ಮತ್ತು ಫಾರ್ಮಸಿಸ್ಟ್‌ಗಳಿಗೆ ತೋರಿಸುವ 'ಕತ್ರಿನಾ ಹೆಲ್ತ್' ಎಂಬ ಆನ್‌ಲೈನ್ ವ್ಯವಸ್ಥೆಯನ್ನು ಕೆಲವೇ ವಾರಗಳಲ್ಲಿ ಕಟ್ಟಿ ನಿಲ್ಲಿಸಬೇಕಾಯಿತು. ಮಾತ್ರೆಗಳಿಗೆ ಅದು ನೆರವಾಗಬಲ್ಲದು, ಕನ್ನಡಕದ ಪವರ್ ಔಷಧಿ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ.

ದುಡ್ಡಿನ ಪ್ರಶ್ನೆಯೂ ಇದೆ. 65 ದಾಟಿದವರಿಗೆ ಸರ್ಕಾರಿ ಆರೋಗ್ಯ ವಿಮೆಯಾದ ಮೂಲ ಮೆಡಿಕೇರ್, ಮಾಮೂಲಿ ಕಣ್ಣಿನ ಪರೀಕ್ಷೆಗೆ ಮತ್ತು ಕನ್ನಡಕಕ್ಕೆ ಹಣ ಕೊಡುವುದಿಲ್ಲ. ಪೊರೆ ಶಸ್ತ್ರಚಿಕಿತ್ಸೆ ಆದ ನಂತರದ ಒಂದು ಜೊತೆ ಇದಕ್ಕೆ ಅಪವಾದ. ಫೆಮಾ ನೆರವಿನಲ್ಲಿ ವಿಪತ್ತಿನಲ್ಲಿ ಕಳೆದ ಕನ್ನಡಕಕ್ಕೆ ಕೇಳಿಕೊಳ್ಳಲು ಅವಕಾಶವಿದೆ, ರೆಡ್‌ಕ್ರಾಸ್ ಕೂಡ ಬದಲಿ ಕನ್ನಡಕಕ್ಕೆ ಸಹಾಯ ಮಾಡುತ್ತದೆ. ಆದರೆ ಕನ್ನಡಕಕ್ಕಾಗಿ ಅರ್ಜಿ ತುಂಬಲು ಮೊದಲು ಕನ್ನಡಕ ಬೇಕು!

ಬಸ್ಸಿನ ಒಳಗೆ

ಹೊರಗಿನಿಂದ ನೋಡಿದರೆ ದೊಡ್ಡ ಟೂರಿಸ್ಟ್ ಬಸ್ಸು ಅಥವಾ ಟ್ರೇಲರ್. ಚರ್ಚಿನ ಪಾರ್ಕಿಂಗ್ ಜಾಗದಲ್ಲೋ ಶಾಲೆಯ ಮೈದಾನದಲ್ಲೋ ನಿಲ್ಲಿಸಿ, ಮೊದಲು ಜ್ಯಾಕ್ ಕೊಟ್ಟು ನೆಲಕ್ಕೆ ಸಮ ಮಾಡುತ್ತಾರೆ. ವಾಹನ ಅಲುಗಾಡಿದರೆ ಕಣ್ಣಿನ ಯಂತ್ರಗಳು ಸರಿಯಾಗಿ ಅಳೆಯುವುದಿಲ್ಲ. ಕರೆಂಟು ಜನರೇಟರಿನದು. ಚಂಡಮಾರುತದ ನಂತರದ ಸೆಕೆಯಲ್ಲಿ ಎಸಿ ಐಷಾರಾಮವಲ್ಲ, ತೇವಾಂಶಕ್ಕೆ ಲೆನ್ಸು ಮಂಜುಗಟ್ಟುತ್ತದೆ, ಯಂತ್ರ ಕೆಡುತ್ತದೆ. ವೀಲ್‌ಚೇರಿನಲ್ಲಿ ಬರುವವರಿಗೆ ಲಿಫ್ಟ್ ಇರಬೇಕು. ಇಲ್ಲದಿದ್ದರೆ ಹೆಚ್ಚು ಅಗತ್ಯವಿರುವವರೇ ಮೆಟ್ಟಿಲ ಕೆಳಗೆ ಉಳಿಯುತ್ತಾರೆ.

ಒಳಗೆ ಮೊದಲ ನಿಲ್ದಾಣ ಆಟೊರಿಫ್ರ್ಯಾಕ್ಟರ್. ಗಲ್ಲ ಇಟ್ಟು ಬಿಸಿಗಾಳಿ ಬಲೂನೋ ಮನೆಯೋ ಇರುವ ಚಿತ್ರ ನೋಡುತ್ತೀರಲ್ಲ, ಅದೇ. ಕೆಲವು ಸೆಕೆಂಡಿನಲ್ಲಿ ಅಂದಾಜು ಪವರ್ ಹೇಳುತ್ತದೆ. ಕೈಯಲ್ಲಿ ಹಿಡಿಯುವ ಮಾದರಿಗಳೂ ಇವೆ, ಅವನ್ನು ಶಿಬಿರದ ಮಂಚದವರೆಗೂ ಒಯ್ಯಬಹುದು. ಜೊತೆಗೆ ಲೆನ್ಸೊಮೀಟರ್ ಎಂಬ ಪುಟ್ಟ ಯಂತ್ರ. ಇದು ಹಳೆಯ ಕನ್ನಡಕದ ಗಾಜಿನಿಂದಲೇ ಪವರ್ ಓದುತ್ತದೆ. ಫ್ರೇಮು ಮುರಿದಿರಲಿ, ಗಾಜು ಒಡೆದಿರಲಿ, ಸಾಕಷ್ಟು ದೊಡ್ಡ ಚೂರು ಸಿಕ್ಕರೂ ಉಪಯೋಗವಿದೆ. ಹಾಗಾಗಿ ಕೆಸರಿನಲ್ಲಿ ಸಿಕ್ಕ ಒಡಕು ಕನ್ನಡಕವನ್ನು ಎಸೆಯದೆ ತರುವುದು ಒಳ್ಳೆಯದು.

ಯಂತ್ರದ ಅಂದಾಜೇ ಕೊನೆಯ ಮಾತಲ್ಲ. ಆಪ್ಟೊಮೆಟ್ರಿಸ್ಟ್ 'ಇದು ಚೆನ್ನಾಗಿದೆಯೋ, ಅದು ಚೆನ್ನಾಗಿದೆಯೋ' ಎಂದು ಲೆನ್ಸ್ ಬದಲಿಸುತ್ತಾ ಕೇಳುವ ಪರೀಕ್ಷೆ ಆಗಲೇಬೇಕು. ಅಕ್ಷರದ ಫಲಕವನ್ನು ಸಾಮಾನ್ಯವಾಗಿ 20 ಅಡಿ ದೂರದಿಂದ ಓದಿಸುತ್ತಾರೆ. ಬಸ್ಸಿನ ಪುಟ್ಟ ಕೋಣೆಯಲ್ಲಿ ಅಷ್ಟು ಜಾಗ ಎಲ್ಲಿಂದ? ಕನ್ನಡಿ ಇಟ್ಟು ದೂರವನ್ನು ಹೆಚ್ಚಿಸುತ್ತಾರೆ, ಅಥವಾ ಹತ್ತಿರದ ಪರದೆಗೆ ತಕ್ಕಂತೆ ಅಕ್ಷರದ ಗಾತ್ರ ಇಳಿಸುತ್ತಾರೆ. ಕಣ್ಣಿನ ಒತ್ತಡ ಅಳೆಯುವ ಟೋನೊಮೀಟರ್, ಅಕ್ಷಿಪಟಲದ ಫೋಟೊ ತೆಗೆಯುವ ಫಂಡಸ್ ಕ್ಯಾಮೆರಾ ಪಕ್ಕದಲ್ಲೇ ಇರುತ್ತವೆ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕದೆಯೇ ಫೋಟೊ ತೆಗೆಯುವ ಕ್ಯಾಮೆರಾ ಇಲ್ಲಿ ಹೆಚ್ಚು ಅನುಕೂಲ. ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಕುಕ್ಕುತ್ತದೆ. ಮರ ಬಿದ್ದ ರಸ್ತೆಯಲ್ಲಿ ಅಂಥವರನ್ನು ಕಾರು ಓಡಿಸಿಕೊಂಡು ಹೋಗಿ ಎನ್ನಲಾದೀತೇ?

ಬಸ್ಸಿನ ಹಿಂಭಾಗದಲ್ಲಿರುವುದು ಲ್ಯಾಬ್. ನನಗೆ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಕುತೂಹಲ ಅನ್ನಿಸಿದ ಭಾಗ ಇದು. ಮಾಮೂಲಿ ಪವರ್‌ಗಳ ದುಂಡನೆಯ ಲೆನ್ಸುಗಳು ಲಕೋಟೆಗಳಲ್ಲಿ ಸಾಲಾಗಿ ಜೋಡಿಸಿರುತ್ತವೆ. ಎಡ್ಜರ್ ಎಂಬ ಯಂತ್ರ ಫ್ರೇಮಿನ ಆಕಾರಕ್ಕೆ ಲೆನ್ಸಿನ ಅಂಚು ಸವೆಸುತ್ತದೆ. ಒಂದೇ ಪವರ್‌ನ ಸರಳ ಲೆನ್ಸ್ ಆದರೆ ಅಂದೇ ಕನ್ನಡಕ ಸಿದ್ಧ. ಚಾಳೀಸಿನ ರೆಡಿಮೇಡ್ ಕನ್ನಡಕಕ್ಕೆ ಅಮೆರಿಕದಲ್ಲೂ ಚೀಟಿ ಬೇಡ, ಆದ್ದರಿಂದ ಬಸ್ಸುಗಳು ಅವನ್ನು ಪೆಟ್ಟಿಗೆಗಟ್ಟಲೆ ಒಯ್ಯಬಹುದು.

ತೊಡಕು ಬರುವುದು ಬೈಫೋಕಲ್, ಪ್ರೊಗ್ರೆಸಿವ್ ಮತ್ತು ಹೆಚ್ಚು ಸಿಲಿಂಡರ್ ಪವರ್ ಇರುವವರಿಗೆ. ಇವನ್ನು ದೊಡ್ಡ ಲ್ಯಾಬಿಗೆ ಕಳಿಸಿ ಮಾಡಿಸಬೇಕಾಗುತ್ತದೆ. ತಯಾರಾದ ಮೇಲೆ ಎಲ್ಲಿಗೆ ತಲುಪಿಸುವುದು? ಚೀಟಿಯಲ್ಲಿ ಬರೆದ ವಿಳಾಸದಲ್ಲಿ ಮನೆಯೇ ಇಲ್ಲ. ಇಂದು ಶಿಬಿರದಲ್ಲಿದ್ದವರು ಮುಂದಿನ ವಾರ ಮೋಟೆಲಿನಲ್ಲಿ, ಅದರ ಮುಂದಿನ ವಾರ ಇನ್ನೊಂದು ರಾಜ್ಯದ ತಂಗಿಯ ಮನೆಯಲ್ಲಿ. ಚರ್ಚು, ಗ್ರಂಥಾಲಯ, ಸ್ಥಳೀಯ ಆರೋಗ್ಯ ಕೇಂದ್ರದಂಥ ನಂಬಿಕಸ್ಥ ಜಾಗವೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಆ ಕನ್ನಡಕಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ವೇಗಕ್ಕೂ ಮಿತಿ ಇದೆ. ಒಬ್ಬರಿಗೆ 20 ನಿಮಿಷ ಎಂದಿಟ್ಟುಕೊಂಡರೆ ಎಂಟು ಗಂಟೆಯಲ್ಲಿ ಒಂದು ಕುರ್ಚಿಗೆ 24 ಜನ. ಎರಡು ಕುರ್ಚಿ ಇದ್ದರೆ 48. ಒಂದು ಊರಿನ ಅಗತ್ಯದ ಮುಂದೆ ಇದು ಸಣ್ಣ ಸಂಖ್ಯೆ. ಆದ್ದರಿಂದ ಸರತಿಯಲ್ಲಿ ಯಾರು ಮೊದಲು ಎಂಬ ತೀರ್ಮಾನ ಬಸ್ಸಿನ ಬಾಗಿಲಲ್ಲೇ ಆಗಬೇಕು.

ಗಲಾಟೆ ಮಾಡದ ರೋಗಿ

ಸರತಿಯಲ್ಲಿ ಮುಂದೆ ನಿಲ್ಲುವವರು ಸಹಜವಾಗಿಯೇ ಕನ್ನಡಕ ಕಳೆದುಕೊಂಡವರು. ಅವರಿಗೆ ತಮ್ಮ ಕಷ್ಟ ಗೊತ್ತು. ಗ್ಲಾಕೋಮಾ ಇರುವವರಿಗೆ ಕಷ್ಟವೇ ಗೊತ್ತಾಗುವುದಿಲ್ಲ.

ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಿಲ್ಲ. ಹೆಚ್ಚಿನವರಲ್ಲಿ ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರ ನಿಧಾನವಾಗಿ ಸವೆಯುತ್ತದೆ, ನೋಟದ ಅಂಚು ಮೊದಲು ಕಳಚುತ್ತದೆ, ನಟ್ಟನಡುವಿನ ದೃಷ್ಟಿ ಕೊನೆಯವರೆಗೂ ಚೆನ್ನಾಗಿರುತ್ತದೆ. ಪ್ರತಿದಿನ ಹಾಕುವ ಡ್ರಾಪ್ಸ್ ಈ ಒತ್ತಡವನ್ನು ತಗ್ಗಿಸಿ ಇಡುತ್ತದೆ. ಅದು ನಿಂತರೆ ಒತ್ತಡ ಮತ್ತೆ ಏರುತ್ತದೆ, ಆದರೆ ರೋಗಿಗೆ ಅಂದು ಏನೂ ಅನ್ನಿಸುವುದಿಲ್ಲ. ಮನೆ ಹೋಗಿದೆ, ಮಗ ಎಲ್ಲಿದ್ದಾನೋ ತಿಳಿಯದು, ಇದರ ನಡುವೆ ಡ್ರಾಪ್ಸ್ ಯಾರಿಗೆ ನೆನಪು? ಹೀಗೆ ತಿಂಗಳುಗಟ್ಟಲೆ ಬಿಟ್ಟರೆ ಹೋದ ದೃಷ್ಟಿ ಕನ್ನಡಕದಿಂದಾಗಲಿ ಆಪರೇಷನ್‌ನಿಂದಾಗಲಿ ಮರಳುವುದಿಲ್ಲ.

ಕಪ್ಪು ವರ್ಣೀಯ ಅಮೆರಿಕನ್ನರಲ್ಲಿ ಗ್ಲಾಕೋಮಾ ಹೆಚ್ಚು, ಬೇಗ ಶುರುವಾಗುತ್ತದೆ ಎಂಬುದು ವೈದ್ಯಲೋಕಕ್ಕೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಕತ್ರಿನಾ ಅಪ್ಪಳಿಸಿದಾಗ ನ್ಯೂ ಆರ್ಲಿಯನ್ಸ್ ಜನಸಂಖ್ಯೆಯ ಸುಮಾರು ಮೂರನೇ ಎರಡು ಭಾಗ ಅವರೇ. ಬಡವರಿಗೆ ಆಸರೆಯಾಗಿದ್ದ ಅಲ್ಲಿನ ಚಾರಿಟಿ ಆಸ್ಪತ್ರೆ ನೆರೆಯ ನಂತರ ಮುಚ್ಚಿತು, ಮತ್ತೆ ತೆರೆಯಲೇ ಇಲ್ಲ. ರೋಗ ಹೆಚ್ಚಿರುವ ಜನ ಮತ್ತು ಚಿಕಿತ್ಸೆ ಸಿಗುವ ಜಾಗ, ಎರಡರ ಕೊಂಡಿ ಒಂದೇ ವಾರದಲ್ಲಿ ಕಳಚಿತು.

ಡ್ರಾಪ್ಸ್‌ನ ಇನ್ನೊಂದು ಸಮಸ್ಯೆ ಕರೆಂಟು. ಗ್ಲಾಕೋಮಾಕ್ಕೆ ವ್ಯಾಪಕವಾಗಿ ಬಳಸುವ ಲ್ಯಾಟನೊಪ್ರೋಸ್ಟ್ ಬಾಟಲಿಯನ್ನು ತೆರೆಯುವ ಮುನ್ನ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ತೆರೆದ ಮೇಲೆ 25 ಡಿಗ್ರಿಯವರೆಗಿನ ಕೋಣೆಯ ತಾಪಮಾನದಲ್ಲಿ ಆರು ವಾರ ಬಳಸಬಹುದು. ಫ್ರಿಜ್ ಬೇಡದ ಮಾದರಿಗಳೂ ಬಂದಿವೆ, ಎಲ್ಲರ ಕೈಯಲ್ಲೂ ಅದೇ ಇರುವುದಿಲ್ಲ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಬಡಿದ ಮೇಲೆ ಎಲ್ಲ ಮನೆಗಳಿಗೂ ಕರೆಂಟು ಮರಳಲು ಸುಮಾರು 11 ತಿಂಗಳು ಹಿಡಿಯಿತು. ಅಲ್ಲಿನ ಉಷ್ಣವಲಯದ ಸೆಕೆಯಲ್ಲಿ 25 ಡಿಗ್ರಿ ಎಂಬುದೇ ತಂಪು ದಿನ.

ಹಾಗಾಗಿ ಬಸ್ಸಿನ ಬಾಗಿಲಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ 'ಕನ್ನಡಕ ಹೋಯಿತೇ' ಅಲ್ಲ, 'ಕಣ್ಣಿಗೆ ದಿನಾ ಏನಾದರೂ ಹಾಕುತ್ತಿದ್ದಿರಾ' ಎಂಬುದು. ಹೌದು ಎಂದವರಿಗೆ ಅಂದೇ ಒಂದು ಬಾಟಲಿ ಕೊಡಲು ಸಾಧ್ಯವಾದರೆ ಅದೇ ದೊಡ್ಡ ಕೆಲಸ. ಅಮೆರಿಕದ ಹಲವು ರಾಜ್ಯಗಳಲ್ಲಿ ತುರ್ತು ಸ್ಥಿತಿಯಲ್ಲಿ ಫಾರ್ಮಸಿಸ್ಟ್ ಹೊಸ ಚೀಟಿ ಇಲ್ಲದೆಯೂ ಹಳೆಯ ಔಷಧಿಯನ್ನು ಒಂದಷ್ಟು ದಿನಗಳಿಗೆ ಕೊಡಬಹುದು. ವಿಮೆ ಇಲ್ಲದವರಿಗೆ 30 ದಿನದ ಔಷಧಿ ಕೊಡಿಸುವ ಕೇಂದ್ರ ಸರ್ಕಾರದ ತುರ್ತು ಯೋಜನೆಯನ್ನು ವಿಪತ್ತಿನ ವೇಳೆ ಚಾಲನೆಗೆ ತರುವುದೂ ಉಂಟು.

ಮಧುಮೇಹಿಗಳ ಕಥೆ ಇನ್ನೂ ಗೋಜಲು. ಅಕ್ಷಿಪಟಲದ ತೊಂದರೆಗೆ ಕಣ್ಣಿನೊಳಗೆ ಇಂಜೆಕ್ಷನ್ ಪಡೆಯುತ್ತಿದ್ದವರು ಕೆಲವು ಸರದಿ ತಪ್ಪಿಸಿಕೊಂಡರೆ ಊತ, ರಕ್ತಸ್ರಾವ ಮರುಕಳಿಸಬಹುದು. ಈ ಇಂಜೆಕ್ಷನ್, ಲೇಸರ್ ಚಿಕಿತ್ಸೆ ಇಂಥ ಬಸ್ಸಿನಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಬಸ್ಸು ಪತ್ತೆ ಮಾಡಬಹುದು, ಮುಂದಕ್ಕೆ ಕಳಿಸಬಹುದು, ಅಷ್ಟೇ. ಅದಕ್ಕಿಂತ ಕುತೂಹಲದ ವಿಷಯವೆಂದರೆ, ರಕ್ತದಲ್ಲಿ ಸಕ್ಕರೆ ಏರಿಳಿದಾಗ ಕಣ್ಣೊಳಗಿನ ಮಸೂರ ಉಬ್ಬಿ ಇಳಿದು ಪವರ್ ಕೂಡ ಬದಲಾಗುತ್ತದೆ. ಎರಡು ವಾರ ಇನ್ಸುಲಿನ್ ಸಿಗದೆ, ಶಿಬಿರದಲ್ಲಿ ಸಿಕ್ಕಿದ ಬ್ರೆಡ್ಡು ಜ್ಯೂಸಿನಲ್ಲಿ ದಿನ ದೂಡಿದವರಿಗೆ ಅಂದು ಅಳೆದು ಮಾಡಿದ ಕನ್ನಡಕ, ಸಕ್ಕರೆ ಹತೋಟಿಗೆ ಬಂದ ಮೇಲೆ ತಾಳೆಯಾಗದೆ ಹೋಗಬಹುದು. ಕನ್ನಡಕ ತಪ್ಪಾಗಿ ಮಾಡಿದ್ದಲ್ಲ, ಕಣ್ಣೇ ಬೇರೆಯಾಗಿತ್ತು.

ಕೊಳಕು ನೀರು, ಬ್ಲೀಚು, ಮರ ಕೊಯ್ಯುವ ಗರಗಸ

ನೆರೆ ಇಳಿದ ಮೇಲೆ ಕಣ್ಣಿಗೆ ಹೊಸ ಅಪಾಯಗಳು ಶುರುವಾಗುತ್ತವೆ. ಗೋಡೆಯ ಬೂಷ್ಟು, ಒಣಗಿದ ಕೆಸರಿನ ಧೂಳು, ಬಿದ್ದ ಮರ ಕೊಯ್ಯುವಾಗ ಹಾರುವ ಚಕ್ಕೆ. ಮನೆ ತೊಳೆಯಲು ಬಳಸುವ ಬ್ಲೀಚ್ ಕಣ್ಣಿಗೆ ಸಿಡಿದರೆ ಕೂಡಲೇ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು ಎಂಬುದು ಎಲ್ಲೆಡೆಯ ಸಲಹೆ. ಆ ಶುದ್ಧ ನೀರು ಎಲ್ಲಿದೆ? 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತದ ಮಳೆಗೆ ಉತ್ತರ ಕೆರೊಲಿನಾದ ಗುಡ್ಡಗಾಡು ನಗರ ಆಶ್‌ವಿಲ್‌ನ ನೀರು ಸರಬರಾಜು ನುಚ್ಚುನೂರಾಯಿತು. ನಲ್ಲಿ ನೀರು ಕುಡಿಯಲು ಯೋಗ್ಯ ಎಂದು ಘೋಷಣೆಯಾದದ್ದು ನವೆಂಬರ್ 18ಕ್ಕೆ, 53 ದಿನಗಳ ನಂತರ. ಅದೇ ಮಳೆಗೆ ಸಮೀಪದ ಮೇರಿಯನ್ ಬಳಿ ಬ್ಯಾಕ್ಸ್‌ಟರ್ ಕಂಪನಿಯ ಕಾರ್ಖಾನೆ ಮುಳುಗಿತು. ಅಮೆರಿಕಕ್ಕೆ ಬೇಕಾದ ಐವಿ ದ್ರಾವಣದಲ್ಲಿ ಸುಮಾರು ಶೇ 60ರಷ್ಟನ್ನು ಪೂರೈಸುತ್ತಿದ್ದ ಘಟಕವದು. ದೇಶದ ಎಷ್ಟೋ ಆಸ್ಪತ್ರೆಗಳು ಸಲೈನ್ ಮಿತವ್ಯಯ ಮಾಡಬೇಕಾಯಿತು. ಕಣ್ಣು ತೊಳೆಯುವ ಬಾಟಲಿಗಳನ್ನು ಹೊರಗಿನಿಂದಲೇ ತುಂಬಿಕೊಂಡು ಬರುವ ಬಸ್ಸಿನ ಬೆಲೆ ಇಂಥ ಜಾಗದಲ್ಲಿ ತಿಳಿಯುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಒಂದು ಎಚ್ಚರಿಕೆ. ಕಲುಷಿತ ನೀರಿನಲ್ಲಷ್ಟೇ ಅಲ್ಲ, ಮಾಮೂಲಿ ನಲ್ಲಿ ನೀರಿನಲ್ಲೂ ಅಕಾಂಥಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಲೆನ್ಸಿನ ಕೆಳಗೆ ಅದು ಸೇರಿಕೊಂಡರೆ ಕಾರ್ನಿಯಾ ಹುಣ್ಣಾಗಿ ತಿಂಗಳುಗಟ್ಟಲೆ ಕಾಡುತ್ತದೆ, ದೃಷ್ಟಿಯನ್ನೇ ಕಸಿಯಬಹುದು. ದ್ರಾವಣ ಮುಗಿದಿದೆ ಎಂದು ನೀರಿನಲ್ಲಿ ಲೆನ್ಸ್ ತೊಳೆಯುವುದಕ್ಕಿಂತ ಅದನ್ನು ಎಸೆಯುವುದೇ ಲೇಸು.

ಬಸ್ಸು ಯಾವಾಗ ಬರಬೇಕು?

ಮೊದಲ ಮೂರು ದಿನ ಕಣ್ಣಿನ ಬಸ್ಸಿಗೆ ಅಲ್ಲಿ ಕೆಲಸವಿಲ್ಲ. ದೋಣಿ, ಹೆಲಿಕಾಪ್ಟರ್, ನೀರು, ಊಟದ ಹೊತ್ತು ಅದು. ದೊಡ್ಡ ವಾಹನ ನುಗ್ಗಿದರೆ ರಸ್ತೆಗೆ ಅಡ್ಡಿ. ಹೆಲೀನ್ ಸಮಯದಲ್ಲಂತೂ ಪಿಜನ್ ನದಿಯ ಕಣಿವೆಯಲ್ಲಿ ಅಂತರರಾಜ್ಯ ಹೆದ್ದಾರಿ 40ರ ಭಾಗಗಳೇ ನದಿಗೆ ಕುಸಿದವು. ಮಾರ್ಗ ತೆರೆದುಕೊಳ್ಳುತ್ತಿದ್ದಂತೆ, ಜನ ಶಿಬಿರಗಳಲ್ಲಿ ನೆಲೆಯೂರುವ ಹೊತ್ತಿಗೆ ಬಸ್ಸು ಬರುವುದು ಸರಿ. ಕ್ಯಾಮೆರಾಗಳೂ ಆಗ ಊರಲ್ಲೇ ಇರುತ್ತವೆ. ಹೊಸ ಕನ್ನಡಕ ಹಾಕಿಕೊಂಡು ನಕ್ಕ ಅಜ್ಜಿಯ ಫೋಟೊ ಎಲ್ಲರಿಗೂ ಇಷ್ಟ.

ಎರಡನೇ ಭೇಟಿಯ ಫೋಟೊ ಯಾರೂ ತೆಗೆಯುವುದಿಲ್ಲ, ಆದರೆ ಮುಖ್ಯವಾದದ್ದು ಅದೇ ಎಂದು ನನ್ನ ಅನಿಸಿಕೆ. ಆರೆಂಟು ವಾರ ಕಳೆದು ಅದೇ ಜಾಗಕ್ಕೆ ಬಸ್ಸು ಮರಳಿದರೆ ಸಕ್ಕರೆ ಹತೋಟಿಗೆ ಬಂದವರ ಪವರ್ ಮತ್ತೆ ನೋಡಬಹುದು, ಗ್ಲಾಕೋಮಾದವರ ಒತ್ತಡ ಮತ್ತೆ ಅಳೆಯಬಹುದು, ಮೊದಲ ಸಲ ಕೊಟ್ಟ ಬಾಟಲಿ ಮುಗಿಯುವ ಹೊತ್ತೂ ಅದೇ. ಲ್ಯಾಬಿನಿಂದ ಬಂದ ಬೈಫೋಕಲ್‌ಗಳನ್ನು ಮುಖಕ್ಕೆ ಹೊಂದಿಸಿ ಕೊಡಬಹುದು. ದೊಡ್ಡಾಸ್ಪತ್ರೆಗೆ ಕಳಿಸಿದವರು ನಿಜಕ್ಕೂ ಹೋದರೇ ಎಂದು ಕೇಳಬಹುದು. ಹೋಗದವರಲ್ಲಿ ಹೆಚ್ಚಿನವರ ಕಾರಣ ಉದಾಸೀನವಲ್ಲ, ಆ ಆಸ್ಪತ್ರೆ 100 ಮೈಲಿ ದೂರ ಮತ್ತು ಕಾರು ನೆರೆಯಲ್ಲಿ ಹೋಗಿದೆ. ಮೊದಲ ಭೇಟಿಯಲ್ಲೇ 'ಇಂಥ ತಾರೀಖು ಮತ್ತೆ ಬರುತ್ತೇವೆ' ಎಂದು ಚೀಟಿ ಬರೆದುಕೊಡದ ಬಸ್ಸು ಅರ್ಧ ಕೆಲಸ ಮಾಡಿದಂತೆ.

ಇನ್ನೊಂದು ಅಡ್ಡಿ ಲೈಸೆನ್ಸ್‌ನದು. ಅಮೆರಿಕದಲ್ಲಿ ವೈದ್ಯರಿಗೂ ಆಪ್ಟೊಮೆಟ್ರಿಸ್ಟ್‌ಗಳಿಗೂ ಪರವಾನಗಿ ಕೊಡುವುದು ಆಯಾ ರಾಜ್ಯ. ಟೆಕ್ಸಾಸ್‌ನ ಆಪ್ಟೊಮೆಟ್ರಿಸ್ಟ್ ಗಡಿ ದಾಟಿ ಲೂಸಿಯಾನಾದಲ್ಲಿ ಸುಮ್ಮನೆ ಚೀಟಿ ಬರೆಯುವಂತಿಲ್ಲ. ರಾಜ್ಯಗಳ ನಡುವಿನ ತುರ್ತು ನೆರವು ಒಪ್ಪಂದಕ್ಕೆ 1996ರಲ್ಲೇ ಸಂಸತ್ತಿನ ಒಪ್ಪಿಗೆ ಸಿಕ್ಕಿತ್ತಾದರೂ ಅದು ಮುಖ್ಯವಾಗಿ ಸರ್ಕಾರಗಳು ಕಳಿಸುವ ಸಿಬ್ಬಂದಿಗೆ. ಕತ್ರಿನಾ ವೇಳೆ ಸ್ವಯಂಪ್ರೇರಣೆಯಿಂದ ಬಂದ ಖಾಸಗಿ ವೈದ್ಯರು ಈ ಗೊಂದಲದಲ್ಲಿ ಸಿಕ್ಕಿಕೊಂಡರು. ಸ್ವಯಂಸೇವಕ ಆರೋಗ್ಯ ಸಿಬ್ಬಂದಿಗೆಂದೇ ಮಾದರಿ ಕಾನೂನೊಂದು 2006ರಲ್ಲಿ ತಯಾರಾದದ್ದು ಆ ಪಾಠದಿಂದ. ಅದನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಂಡಿಲ್ಲ.

ಮಯಾಮಿಯಿಂದ ಜಪಾನಿಗೆ ಹಾರಿದ ವ್ಯಾನ್

ಕತ್ರಿನಾ ಅನುಭವದಿಂದ ಹುಟ್ಟಿದ ಇಂಥ ಒಂದು ವಾಹನದ ಪಯಣ ಹೇಳಲೇಬೇಕು. ಮಯಾಮಿ ವಿಶ್ವವಿದ್ಯಾಲಯದ ಬ್ಯಾಸ್ಕಮ್ ಪಾಮರ್ ಕಣ್ಣಿನ ಸಂಸ್ಥೆಯ 'ವಿಷನ್ ವ್ಯಾನ್' ಅದು. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಇಡೀ ವಾಹನವನ್ನು ಸರಕು ವಿಮಾನಕ್ಕೆ ಏರಿಸಿ ಜಪಾನಿಗೆ ಕಳಿಸಲಾಯಿತು. ಅಲ್ಲಿನ ಕಣ್ಣಿನ ವೈದ್ಯರು ಅದನ್ನು ಈಶಾನ್ಯ ಕರಾವಳಿಯ ಶಿಬಿರಗಳಿಗೆ ಒಯ್ದರು. ಅಲ್ಲೂ ಬೇಡಿಕೆ ಬಂದದ್ದು ಇವಕ್ಕೇ: ಕೊಚ್ಚಿಹೋದ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಗ್ಲಾಕೋಮಾ ಡ್ರಾಪ್ಸ್. ದೇಶ ಬೇರೆ, ವಿಪತ್ತು ಬೇರೆ, ಪಟ್ಟಿ ಮಾತ್ರ ಅದೇ. ಮುಂದೆ ಜಪಾನ್ ತನ್ನದೇ ವಿಷನ್ ವ್ಯಾನ್ ಮಾಡಿಕೊಂಡಿತು.

ನಮ್ಮ ಕಡೆ

ಊರೂರಿಗೆ ಹೋಗಿ ಕಣ್ಣು ನೋಡುವುದು ಕನ್ನಡಿಗರಿಗೆ ಹೊಸತೇನಲ್ಲ. ಬೀಳಗಿಯಲ್ಲಿ ಹುಟ್ಟಿ, 'ಕಣ್ಣು ಕೊಟ್ಟ ಅಣ್ಣ' ಎಂದೇ ಹೆಸರಾದ ಡಾ. ಎಂ.ಸಿ. ಮೋದಿ ಹಳ್ಳಿ ಹಳ್ಳಿಗಳಲ್ಲಿ ಶಿಬಿರ ಹೂಡಿ, ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ದಾಖಲೆ ಬರೆದವರು. ಇಂದು ಚೆನ್ನೈನ ಶಂಕರ ನೇತ್ರಾಲಯ ಐಐಟಿ ಮದ್ರಾಸ್ ಜೊತೆ ಸೇರಿ ರೂಪಿಸಿದ ಸಂಚಾರಿ ಶಸ್ತ್ರಚಿಕಿತ್ಸಾ ಘಟಕದಲ್ಲಿ ಎರಡು ಬಸ್ಸುಗಳನ್ನು ಜೋಡಿಸಿ ಒಂದರಲ್ಲಿ ಸಿದ್ಧತೆ, ಇನ್ನೊಂದರಲ್ಲಿ ಆಪರೇಷನ್ ಮಾಡುತ್ತಾರೆ. ಶಿಬಿರದ ಪರಂಪರೆ ನಮ್ಮಲ್ಲಿ ಗಟ್ಟಿ ಇದೆ. ಆದರೆ ಅದು ಮುಖ್ಯವಾಗಿ ಪೊರೆಯ ಸುತ್ತ ಬೆಳೆದದ್ದು. 2019ರ ಮೇ 3ರಂದು ಪುರಿ ಬಳಿ ಅಪ್ಪಳಿಸಿದ ಫೋನಿ, 2023ರ ಡಿಸೆಂಬರ್‌ನಲ್ಲಿ ಚೆನ್ನೈಯನ್ನು ಮುಳುಗಿಸಿದ ಮಿಚಾಂಗ್‌ನಂಥ ಚಂಡಮಾರುತಗಳ ನಂತರ ಪರಿಹಾರದ ಮಾತೆಂದರೆ ಅಕ್ಕಿ, ತಾಡಪಾಲು, ಕರೆಂಟು. ಕನ್ನಡಕ, ಡ್ರಾಪ್ಸ್ ನಮ್ಮ ಪಟ್ಟಿಯಲ್ಲೂ ಇನ್ನೂ ಹಿಂದೆಯೇ.

ಚೆನ್ನೈ, ಮುಂಬೈ, ಕರಾವಳಿಯಲ್ಲಿರುವವರು, ಹಾಗೆಯೇ ಹ್ಯೂಸ್ಟನ್, ಟ್ಯಾಂಪಾ, ಷಾರ್ಲೆಟ್‌ನಲ್ಲಿರುವ ಮಕ್ಕಳ ಮನೆಗೆ ಮಳೆಗಾಲದ ಹೊತ್ತಿಗೆ ಹೋಗಿಬರುವ ಅಪ್ಪ ಅಮ್ಮಂದಿರು ಈಗಲೇ ಮಾಡಿಕೊಳ್ಳಬಹುದಾದದ್ದು ಹೆಚ್ಚೇನಿಲ್ಲ. ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಕನ್ನಡಕದ ಚೀಟಿಯನ್ನೂ ಡ್ರಾಪ್ಸ್ ಬಾಟಲಿಯ ಲೇಬಲ್ಲನ್ನೂ ಫೋನಿನಲ್ಲಿ ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೆ ಕಳಿಸಿಡಿ, ನಿಮ್ಮ ಫೋನೂ ನೀರುಪಾಲಾಗಬಹುದು. ಹಳೆಯ ಕನ್ನಡಕವನ್ನು ಎಸೆಯದೆ ಗಟ್ಟಿ ಡಬ್ಬಿಯಲ್ಲಿ ಹಾಕಿ ದಾಖಲೆಗಳ ಚೀಲದಲ್ಲಿಡಿ, ಪವರ್ ಸ್ವಲ್ಪ ಹಿಂದಿನದಾದರೂ ಏನೂ ಇಲ್ಲದ್ದಕ್ಕಿಂತ ಮೇಲು. ಡ್ರಾಪ್ಸ್ ಮುಗಿಯುವ ಒಂದು ವಾರ ಮೊದಲೇ ಇನ್ನೊಂದು ಬಾಟಲಿ ತಂದಿಟ್ಟುಕೊಳ್ಳಿ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತೆ ಕಂಡರೆ ಬಸ್ಸಿಗೆ ಕಾಯದೆ ಹೇಗಾದರೂ ಆಸ್ಪತ್ರೆ ತಲುಪಬೇಕು, ಅದು ಅಕ್ಷಿಪಟಲ ಕಳಚುತ್ತಿರುವ ಸೂಚನೆ ಇರಬಹುದು. ಇನ್ನು ಲ್ಯಾಟನೊಪ್ರೋಸ್ಟ್ ಬಳಸುವವರು ಬಾಟಲಿ ತೆರೆದ ದಿನವೇ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದುಬಿಡಿ. ಆರು ವಾರದ ಲೆಕ್ಕ ಅಲ್ಲಿಂದ ಶುರು.